ಲದ್ದಿ ಹೇಳುವ ನಿನ್ನೆಯ ಆತಂಕ

ಭತ್ತ ತೆನೆ ಬಿಡುವ ಹೊತ್ತಿಗೆ ಮುಂಡಗೋಡ ಕಡೆಯ ಕಾಡಿನಿಂದ ಹೊರಡುವ ಆನೆಗಳು ಕೆಲವೊಮ್ಮೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ ಸೀಮೆಗೂ ಕಾಲಿಡುತ್ತವೆ. ಬೆಳೆ ಕಳೆದುಕೊಂಡ ರೈತನ ಸಂಕಟ ಕಣ್ಣಿಗೆ ಕಾಣುತ್ತದೆ. ಪಟಾಕಿ, ಕೂಗಾಟದ ನಡುವೆ ಸಿಕ್ಕ ಆನೆಯ ಒತ್ತಡವನ್ನು ಅಳೆಯುವುದು ಹೇಗೆ? ರಕ್ತ ತೆಗೆಯಲು ಹೋದರೆ ಆ ಗಾಬರಿಗೇ ಒತ್ತಡದ ಹಾರ್ಮೋನು ಏರುತ್ತದೆ. ಬದುವಿನ ಮೇಲೆ ಬಿದ್ದ ಲದ್ದಿಗೆ ಆ ತೊಂದರೆಯಿಲ್ಲ.

ಒತ್ತಡಕ್ಕೆ ಸಿಕ್ಕ ಪ್ರಾಣಿಯ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸ್ರವಿಸುತ್ತದೆ. ಯಕೃತ್ತು ಅದನ್ನು ಒಡೆದು, ಪಿತ್ತದೊಂದಿಗೆ ಕರುಳಿಗೆ ಬಿಡುತ್ತದೆ. ಆ ಚೂರುಗಳು ಆನೆಯ ಲದ್ದಿಗೆ ಬರಲು ಒಂದೆರಡು ದಿನ ಬೇಕು. ಹೀಗಾಗಿ ಇವತ್ತಿನ ಲದ್ದಿಯಲ್ಲಿರುವುದು ನಿನ್ನೆ ಮೊನ್ನೆಯ ಸುದ್ದಿ.

ನಿಜವಾದ ಕಷ್ಟ ಲದ್ದಿ ನೆಲಕ್ಕೆ ಬಿದ್ದ ಮೇಲೆ ಶುರುವಾಗುತ್ತದೆ. ಅದರೊಳಗಿನ ಬ್ಯಾಕ್ಟೀರಿಯಾಗಳು ಹಾರ್ಮೋನಿನ ಚೂರುಗಳನ್ನು ಮತ್ತೆ ಮಾರ್ಪಡಿಸುತ್ತ ಹೋಗುತ್ತವೆ. ಬಿಸಿಲು, ಮಳೆ ಲೆಕ್ಕ ಕೆಡಿಸುತ್ತವೆ. ಆನೆ ದೂರ ಸರಿದ ಕೂಡಲೇ, ಇನ್ನೂ ಬೆಚ್ಚಗಿರುವ ಉಂಡೆಯನ್ನು ಕೈಗವಸು ಹಾಕಿಕೊಂಡು ಒಡೆಯಬೇಕು. ಮೂತ್ರ ತಾಗಿದ ಭಾಗ ಬಿಡಬೇಕು, ಏಕೆಂದರೆ ಮೂತ್ರದಲ್ಲೂ ಹಾರ್ಮೋನಿದೆ. ಮಣ್ಣು ಹತ್ತದ ಒಳತಿರುಳನ್ನು ಹಲವೆಡೆಯಿಂದ ತೆಗೆದು ಕಲಸಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಗೆ ಸೇರಿಸಬೇಕು. ನಂತರ ಮೈನಸ್ 20 ಡಿಗ್ರಿಯ ಫ್ರೀಜರ್. ಕರೆಂಟಿಲ್ಲದ ಕಡೆ ಆಲ್ಕೋಹಾಲ್ ಬಳಸುವುದುಂಟು, ಆದರೆ ಅದರಲ್ಲಿ ಬಹುಕಾಲ ಇಟ್ಟರೆ ಅಳತೆ ಏರುಪೇರಾಗುತ್ತದೆ. ಎಲ್ಲ ಮಾದರಿಗಳನ್ನೂ ಒಂದೇ ರೀತಿ ಕಾಪಿಟ್ಟರಷ್ಟೇ ಹೋಲಿಕೆಗೆ ಅರ್ಥ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಶರ್ಮಾ ಪೋಖರೆಲ್, ಪಿ.ಬಿ. ಶೇಷಗಿರಿ, ರಾಮನ್ ಸುಕುಮಾರ್ ಬಂಡೀಪುರ ಮತ್ತು ಮುದುಮಲೈಗಳಲ್ಲಿ ಈ ದಾರಿ ಹಿಡಿದರು. ಎಲುಬು ಎದ್ದು ಕಾಣುವ ಬಡಕಲು ಆನೆಗಳ ಲದ್ದಿಯಲ್ಲಿ ಒತ್ತಡದ ಗುರುತು ಹೆಚ್ಚಿತ್ತೆಂದು 2017ರಲ್ಲಿ ಪ್ರಕಟಿಸಿದರು. 2019ರ ಇನ್ನೊಂದು ವರದಿ ಎಲ್ಲರ ಊಹೆಯನ್ನು ತಲೆಕೆಳಗು ಮಾಡಿತು: ಬೆಳೆಗೆ ನುಗ್ಗುವ ಆನೆಗಳಲ್ಲಿ ಆ ಗುರುತು ರಕ್ಷಿತ ಕಾಡಿನ ಆನೆಗಳಿಗಿಂತ ಕಡಿಮೆ! ಅವುಗಳ ಲದ್ದಿಯಲ್ಲಿ ಸಾರಜನಕ ಹೆಚ್ಚಿತ್ತು, ಅಂದರೆ ಮೇವು ಪುಷ್ಟಿಯಾಗಿತ್ತು. ಹಾಗೆಂದು ಆನೆ ಹೊಲದಲ್ಲಿ ಸುಖವಾಗಿದೆ ಎನ್ನುವಂತಿಲ್ಲ. ವಿದ್ಯುತ್ ಬೇಲಿಯ ಅಪಾಯ ಯಾವ ಹಾರ್ಮೋನಿನಲ್ಲೂ ಕಾಣದು.

ಹಾವೇರಿ ಜಿಲ್ಲೆಗೆ ಈ ವಿಧಾನ ಆನೆಯಾಚೆಗೂ ಹತ್ತಿರದ ವಿಷಯ. ರಾಣೆಬೆನ್ನೂರು ಅಭಯಾರಣ್ಯದ ಚಿಗರಿಗಳು (ಕೃಷ್ಣಮೃಗಗಳು) ಗೋವಿನಜೋಳದ ಹೊಲಕ್ಕೂ ನುಗ್ಗುತ್ತವೆ. ಗಂಡು ಚಿಗರಿ ತನ್ನ ಎಲ್ಲೆ ಗುರುತಿಸಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಹುಡುಕುವವರಿಗೆ ಅದು ಅನುಕೂಲ, ಆದರೆ ರಾಶಿಯಲ್ಲಿ ಹಳತು ಹೊಸತು ಬೆರೆತಿರುತ್ತದೆ. ಹಿಕ್ಕೆ ಹಾಕುವುದನ್ನು ದೂರದಿಂದ ಕಣ್ಣಾರೆ ನೋಡಿಯೇ ಆರಿಸಿಕೊಳ್ಳಬೇಕು. ಗೋವಿನಜೋಳ ಬಿತ್ತುವ ಮುಂಚೆ ಒಮ್ಮೆ, ತೆನೆ ಬಲಿತಾಗ ಇನ್ನೊಮ್ಮೆ ಹೀಗೆ ಆರಿಸಿದರೆ ಎರಡನ್ನೂ ಹೋಲಿಸಬಹುದು.