ಮೀಟರು: ಒಂದು ಶಾಸ್ತ್ರಶಬ್ದದ ಲೋಕಸಂಚಾರ

ಬೆಂಗಳೂರಿನ ಪಶ್ಚಿಮಭಾಗದಲ್ಲಿ ರಾಜಾಜಿನಗರದ ಮಗ್ಗುಲಿಗಿರುವ ಕುರುಬರಹಳ್ಳಿಯು ಈಗ ಹೆಸರಿನಲ್ಲಿ ಮಾತ್ರ ಹಳ್ಳಿ. ನಗರದೊಳಗೆ ಸೇರಿಹೋದ ಇಂಥ ಊರುಗಳ ಆಡುಮಾತಿನಲ್ಲಿ ಮೀಟರು ಎಂಬ ಶಬ್ದವು ಏಕಕಾಲದಲ್ಲಿ ಹಲವು ಅರ್ಥಗಳನ್ನು ಹೊತ್ತು ಸಂಚರಿಸುತ್ತಿರುವುದು. ಬಟ್ಟೆಯಂಗಡಿಯಲ್ಲಿ ಅದು ಉದ್ದದ ಮಾನ. ಮನೆಯ ಗೋಡೆಯಲ್ಲಿ ವಿದ್ಯುತ್ತಿನ ವೆಚ್ಚವನ್ನು ತೋರಿಸುವ ಯಂತ್ರ. ಆಟೋರಿಕ್ಷಾದಲ್ಲಿ ಬಾಡಿಗೆಯನ್ನು ಎಣಿಸುವ ಯಂತ್ರ. ಜಗಳಕ್ಕೆ ನಿಂತವನ ಬಾಯಲ್ಲಿ ಎದೆಗಾರಿಕೆ. ಸಾಲದಲ್ಲಿ ಸಿಕ್ಕಿದವನ ಬಾಯಲ್ಲಿ ಬಡ್ಡಿಯ ಒಂದು ಬಗೆ. ಇವುಗಳಲ್ಲಿ ಮೊದಲಿನ ಮೂರು ವಾಚ್ಯಾರ್ಥಗಳು. ಕಡೆಯ ಎರಡು ಲಕ್ಷ್ಯಾರ್ಥಗಳು. ಶಾಸ್ತ್ರಕ್ಕಾಗಿ ಹುಟ್ಟಿದ ಶಬ್ದವೊಂದು ಲೋಕದ ಬಾಯಿಗೆ ಬಿದ್ದಾಗ ಏನನ್ನು ಉಳಿಸಿಕೊಳ್ಳುವುದು, ಏನನ್ನು ಕಳೆದುಕೊಳ್ಳುವುದು ಎಂಬುದನ್ನು ಪರಿಶೀಲಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಉದಾಹರಣೆ ಅಪೂರ್ವ.

ಉದ್ದದ ಮಾನವಾದ ಮೀಟರು ಫ್ರಾನ್ಸಿನ ಮಹಾಕ್ರಾಂತಿಯ ಕಾಲದ ಸೃಷ್ಟಿ. ಒಂದೊಂದು ಪ್ರಾಂತಕ್ಕೆ ಒಂದೊಂದು ಅಳತೆ, ಒಬ್ಬೊಬ್ಬ ಒಡೆಯನಿಗೆ ಒಂದೊಂದು ಕೊಳಗ ಎಂಬ ಅವ್ಯವಸ್ಥೆಯನ್ನು ನೀಗಿಸಲೆಂದು ಅಲ್ಲಿಯ ವಿದ್ವಾಂಸರು 1791ರಲ್ಲಿ ಉತ್ತರಧ್ರುವದಿಂದ ವಿಷುವದ್ರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಪಾಲನ್ನು ಮಾನವಾಗಿ ಸೂಚಿಸಿದರು. 1799ರಲ್ಲಿ ಪ್ಲಾಟಿನಮ್ ಲೋಹದ ಮಾದರಿಯಾಯಿತು. 1983ರಿಂದ ಈಚೆಗೆ ಲೋಹದ ಸರಳಾಗಲಿ ಭೂಮಿಯ ಸುತ್ತಳತೆಯಾಗಲಿ ಇದಕ್ಕೆ ಆಧಾರವಲ್ಲ. ಬೆಳಕು ಶೂನ್ಯಪ್ರದೇಶದಲ್ಲಿ ಒಂದು ಸೆಕೆಂಡಿನ 29,97,92,458ರಲ್ಲೊಂದು ಭಾಗದಲ್ಲಿ ಸಾಗುವ ದೂರವೇ ಮೀಟರು. ಭಾರತದಲ್ಲಿ 1956ರ ಅಧಿನಿಯಮದ ಮೇರೆಗೆ ದಶಮಾನಪದ್ಧತಿಯು 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಆಚರಣೆಗೆ ಬಂದಿತು.

ಹೀಗೆ ರಾಜಶಾಸನದ ಬಲದಿಂದ ಬಂದ ಈ ಮಾನವು ಕನ್ನಡದ ನುಡಿಗಟ್ಟಿನೊಳಗೆ ಮಾತ್ರ ಪ್ರವೇಶವನ್ನು ಪಡೆಯಲಿಲ್ಲ. ಬೇಡದವನನ್ನು ಕಂಡರೆ ಜನರು ಇಂದಿಗೂ ಮಾರುದೂರ ಸರಿಯುವರೇ ಹೊರತು ಎರಡು ಮೀಟರು ಸರಿಯುವುದಿಲ್ಲ. ಬದುಕಿನ ಪಾಡೆಲ್ಲ ಗೇಣುಹೊಟ್ಟೆಗಾಗಿ. ಹೂವು ಮಾರುವ ಹೆಂಗಸು ಮೊಳಕೈಯಿಂದ ಬೆರಳ ತುದಿಯವರೆಗೆ ದಂಡೆಯನ್ನು ಚಾಚಿ ಮೊಳವನ್ನು ಅಳೆಯುವಳು. ಆಕೆಯ ತೋಳು ಗಿಡ್ಡದಾದರೆ ಕೊಳ್ಳುವವಳು ತಕರಾರು ಮಾಡುವಳು, ಆದರೂ ಮೀಟರಿನ ಕೋಲನ್ನು ಕೇಳುವುದಿಲ್ಲ. ಗೇಣು, ಮೊಳ, ಮಾರುಗಳು ದೇಹದಲ್ಲಿಯೇ ಇರುವ ಅಳತೆಗಳಾದುದರಿಂದ ಹಸಿವು, ಹೇಸಿಕೆ, ಪ್ರೀತಿಗಳನ್ನು ಹೇಳುವುದಕ್ಕೆ ಅವು ಸುಲಭವಾಗಿ ಒದಗುವುವು. ಬೆಳಕಿನ ವೇಗವನ್ನು ಆಶ್ರಯಿಸಿದ ಮಾನಕ್ಕೆ ಆ ಸಲಿಗೆ ದೊರೆಯುವುದು ಕಷ್ಟ.

ಶಾಸ್ತ್ರದ ಮಾನವು ಲೋಕಕ್ಕೆ ಇಳಿದುಬರುವುದು ಹೊಸತೇನೂ ಅಲ್ಲ. ಮೀಟರಿನ ಮೂಲವಾದ ಗ್ರೀಕ್ ಶಬ್ದಕ್ಕೂ ಸಂಸ್ಕೃತದ ಮಾತ್ರಾ ಶಬ್ದಕ್ಕೂ ಅಳತೆ ಎಂಬರ್ಥದ ಒಂದೇ ಪ್ರಾಚೀನ ಧಾತುವುಂಟು. ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸುವ ಮಾತ್ರೆಯೇ ವೈದ್ಯನ ಕೈಯಲ್ಲಿ ಔಷಧದ ಪ್ರಮಾಣವಾಗಿ, ಕಡೆಗೆ ನುಂಗುವ ಗುಳಿಗೆಯಾಯಿತು. ಇದನ್ನು ಯಾರೂ ಅಪಶಬ್ದವೆನ್ನುವುದಿಲ್ಲ. ತರಗತಿಯಲ್ಲಿ ಷಟ್ಪದಿಯ ಮಾತ್ರೆಗಳನ್ನು ಎಣಿಸುವ ಉಪಾಧ್ಯಾಯರೇ ಮನೆಗೆ ಬಂದು ತಲೆನೋವಿಗೆ ಮಾತ್ರೆಯನ್ನು ಕೇಳುವರು.

ಲಕ್ಷ್ಯಾರ್ಥಕ್ಕೆ ದಾರಿಮಾಡಿಕೊಟ್ಟದ್ದು ಉದ್ದದ ಮೀಟರಲ್ಲ, ಯಂತ್ರದ ಮೀಟರು. ಇಂಗ್ಲಿಷರು ಈ ಎರಡನ್ನೂ ಬೇರೆಬೇರೆ ಕಾಗುಣಿತದಿಂದ ಬರೆಯುವರು. ಕನ್ನಡದಲ್ಲಿ ರೂಪವೊಂದೇ ಆದರೂ ಕ್ರಿಯಾಪದಗಳು ಭೇದವನ್ನು ಕಾಪಾಡುವುವು. ಉದ್ದದ ಮೀಟರಿನ ಹಿಂದೆ ಸಂಖ್ಯೆ ಬರಬೇಕು. ಯಂತ್ರದ ಮೀಟರು ಓಡುವುದು, ಏರುವುದು, ನಿಲ್ಲುವುದು; ಆಟೋ ಚಾಲಕನು ಅದನ್ನು “ಹಾಕುವನು”. ಎದೆಗಾರಿಕೆಯ ಮೀಟರಿಗೆ ಇವು ಯಾವುವೂ ಒಪ್ಪವು. “ಮೀಟರ್ ಇದ್ರೆ ಬಾ” ಎನ್ನುವಲ್ಲಿ ಅದಕ್ಕೆ ಇರುವುದು, ಇಲ್ಲದಿರುವುದು ಎಂಬ ಎರಡೇ ಸ್ಥಿತಿಗಳು. ಧೈರ್ಯವನ್ನು ಮೂರು ಮೀಟರು, ನಾಲ್ಕು ಮೀಟರು ಎಂದು ಎಣಿಸುವವರಿಲ್ಲ. ಅಂದರೆ ಇಲ್ಲಿ ಅಳತೆಯ ಅಂಶವು ಸಂಪೂರ್ಣವಾಗಿ ಕಳಚಿಹೋಗಿ, ಶಬ್ದವು ದಮ್ಮು, ಗುಂಡಿಗೆ ಎಂಬ ಶಬ್ದಗಳ ಪಂಕ್ತಿಯಲ್ಲಿ ಕುಳಿತಿದೆ. ಮಮ್ಮಟನು ಲಕ್ಷಣೆಗೆ ಮುಖ್ಯಾರ್ಥಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ ಎಂಬ ಮೂರನ್ನು ಹೇಳಿರುವನಷ್ಟೆ. ಈ ಪ್ರಯೋಗದಲ್ಲಿ ಸಂಬಂಧವು ಮಸುಕಾಗಿದೆ, ರೂಢಿಯೇ ಬಲವತ್ತರ.

ಮೀಟರ್ ಬಡ್ಡಿಯ ಸಂಗತಿ ಬೇರೆ. ಇಲ್ಲಿ ಲಕ್ಷಣೆಗೆ ಸ್ಪಷ್ಟವಾದ ಪ್ರಯೋಜನವುಂಟು. ಊರಿನ ಸಾಮಾನ್ಯ ಲೇವಾದೇವಿಯಲ್ಲಿ ನೂರಕ್ಕೆ ಎರಡು, ಮೂರು ರೂಪಾಯಿ ಎಂದರೆ ತಿಂಗಳ ಲೆಕ್ಕ. ಮೀಟರ್ ಬಡ್ಡಿಯಲ್ಲಿ ಲೆಕ್ಕವು ದಿನಕ್ಕೆ, ಕೆಲವು ಸಲ ಗಂಟೆಗೆ ಇಳಿಯುವುದು. ಕೊಡದೆ ನಿಂತ ಬಡ್ಡಿಯು ಅಸಲಿಗೆ ಸೇರುವುದು. ಗಾಡಿಯು ದಾರಿಯಲ್ಲಿ ನಿಂತಿದ್ದರೂ ಆಟೋ ಮೀಟರಿನ ಅಂಕಿ ಏರುವಂತೆ, ಸಾಲಗಾರನು ಮಲಗಿದ್ದರೂ ಸಾಲವು ಓಡುತ್ತಿರುವುದು. ಬೆಳಗ್ಗೆ ತಳ್ಳುಗಾಡಿಗೆ ತರಕಾರಿ ತುಂಬಲು ಕೈಸಾಲ ಮಾಡಿದವನಿಗೆ ಈ ಉಪಮಾನವು ಅಲಂಕಾರವಲ್ಲ, ಅನುಭವ.

ಇದಕ್ಕೂ ಹಳೆಯ ಜೊತೆಯೊಂದಿದೆ. ಬಡ್ಡಿ ಎಂಬುದು ವೃದ್ಧಿಯ ತದ್ಭವ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಚಕ್ರವೃದ್ಧಿ, ಕಾಲವೃದ್ಧಿ, ಕಾರಿತ, ಕಾಯಿಕ ಎಂಬ ವೃದ್ಧಿಗಳನ್ನು ಒಟ್ಟಿಗೆ ಹೇಳಿ ಅವನ್ನು ತೆಗೆದುಕೊಳ್ಳಬಾರದೆಂದು ನಿಷೇಧಿಸುವುದು. ಬಡ್ಡಿಗೆ ಬಡ್ಡಿ ಎಂಬರ್ಥದ ಕನ್ನಡದ ಚಕ್ರಬಡ್ಡಿಯು ಇದರ ಸಂತತಿ. ಸ್ವಾರಸ್ಯವೇನೆಂದರೆ, ಅದೇ ಅಧ್ಯಾಯದಲ್ಲಿ ಮುಂದೆ ಬರುವ ಚಕ್ರವೃದ್ಧಿ ಶಬ್ದಕ್ಕೆ ಗಾಡಿಯ ಬಾಡಿಗೆ ಎಂಬ ವ್ಯಾಖ್ಯಾನವೂ ಉಂಟು. ಉರುಳುವ ಗಾಲಿಯ ಬಾಡಿಗೆಗೂ ಬೆಳೆಯುವ ಸಾಲಕ್ಕೂ ಒಂದೇ ಹೆಸರು ಅಂದೂ ಸಲ್ಲುತ್ತಿದ್ದಿತು.

ಆದರೂ ಚಕ್ರಬಡ್ಡಿಗೂ ಮೀಟರ್ ಬಡ್ಡಿಗೂ ಇರುವ ಒಂದು ವ್ಯತ್ಯಾಸವನ್ನು ಮರೆಯಲಾಗದು. ಚಕ್ರಬಡ್ಡಿಗೆ ಸೂತ್ರವಿದೆ, ಅಸಲು, ದರ, ಅವಧಿಗಳು ತಿಳಿದರೆ ಶಾಲೆಯ ಹುಡುಗನೂ ಅದನ್ನು ಕಟ್ಟಿಹಾಕಬಲ್ಲನು. ಆಟೋ ಮೀಟರಿಗೂ ಸರಕಾರ ಗೊತ್ತುಪಡಿಸಿದ ದರವಿದೆ, ಅಂಕಿಯು ಕುಳಿತವನ ಕಣ್ಣಿಗೆ ಕಾಣುವುದು, ಊರು ಮುಟ್ಟಿದೊಡನೆ ನಿಲ್ಲುವುದು. ಮೀಟರ್ ಬಡ್ಡಿಯಲ್ಲಿ ಅಂಕಿಯನ್ನು ಕಾಣುವವನು ಸಾಲ ಕೊಟ್ಟವನೊಬ್ಬನೇ. ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವವನೂ ಅವನೇ. ಒಡೆಯನ ಮನಬಂದ ಅಳತೆಯನ್ನು ತೊಲಗಿಸಲು ಹುಟ್ಟಿದ ಶಬ್ದವು ಮನಬಂದ ವಸೂಲಿಗೆ ಹೆಸರಾಗಿ, ಅದಕ್ಕೆ ಯಂತ್ರದ ನಿಷ್ಪಕ್ಷಪಾತದ ಛಾಯೆಯನ್ನೂ ಕೊಟ್ಟಿದೆ. ಯಂತ್ರದ ಮೇಲೆ ಯಾರು ತಾನೆ ಮುನಿದಾರು?

ತಮಿಳಿನಲ್ಲಿಯೂ ಈ ಪ್ರಯೋಗವುಂಟು. ತಮಿಳುನಾಡಿನ 2003ರ ವಿಪರೀತ ಬಡ್ಡಿ ನಿಷೇಧದ ಶಾಸನವು ಮೀಟರ್ ವಟ್ಟಿ ಎಂಬ ಬೀದಿಯ ಹೆಸರನ್ನೇ ಕಾನೂನಿನ ಭಾಷೆಗೆ ತೆಗೆದುಕೊಂಡಿತು. ಕರ್ನಾಟಕದಲ್ಲಿಯೂ 2004ರಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸುವ ಅಧಿನಿಯಮವಾಯಿತು. ಕನ್ನಡದ ವೃತ್ತಪತ್ರಿಕೆಗಳು ಮೀಟರ್ ಬಡ್ಡಿಯನ್ನು ಸಂಕೋಚವಿಲ್ಲದೆ ಅಚ್ಚಿಸುತ್ತಿರುವುವು. ಇದನ್ನು ಗ್ರಾಮ್ಯವೆಂದು ಹೊಡೆದುಹಾಕಿ ವಿದ್ಯಾರ್ಥಿಯ ಪ್ರಬಂಧದಲ್ಲಿ ಅಧಿಕಬಡ್ಡಿ ಎಂದು ತಿದ್ದುವ ಉಪಾಧ್ಯಾಯರು ಒಂದು ಮಾತನ್ನು ಯೋಚಿಸತಕ್ಕದ್ದು: ಅಧಿಕಬಡ್ಡಿಯು ದರವನ್ನು ಮಾತ್ರ ಹೇಳುವುದು, ನಿಲ್ಲದ ಓಟವನ್ನು ಹೇಳುವುದಿಲ್ಲ. ಠಾಣೆಗೆ ದೂರು ಬರೆದುಕೊಡುವವನಿಗೆ ಬೇಕಾದುದು ಎರಡನೆಯದೇ. ನಿಘಂಟಿನಲ್ಲಿ ಇದಕ್ಕೆ ಬರೆಯುವ ಅರ್ಥವಿವರಣೆಯಲ್ಲಿ ದಿನ ಅಥವಾ ಗಂಟೆಯ ಲೆಕ್ಕ, ಅಸಲಿಗೆ ಸೇರುವ ಬಡ್ಡಿ ಎಂಬ ಎರಡಂಶಗಳೊಡನೆ ಸಾಲಗಾರನಿಗೆ ಕಾಣದ ಲೆಕ್ಕ ಎಂಬ ಮೂರನೆಯದೂ ಸೇರಬೇಕು.