ತರಕಾರಿಗಳ ತೂಕ ಮತ್ತು ಅಳತೆ

ಧಾನ್ಯವನ್ನು ಪಾವು, ಸೇರು, ಕೊಳಗಗಳಿಂದ ಅಳೆಯುವುದೂ, ತರಕಾರಿಯನ್ನು ತಕ್ಕಡಿಯಲ್ಲಿ ತೂಗುವುದೂ, ಸೊಪ್ಪನ್ನು ಕಟ್ಟಿನ ಲೆಕ್ಕದಲ್ಲಿ ಕೊಳ್ಳುವುದೂ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಂದ ರೂಢಿ. ಸೇರೆಂಬ ಒಂದೇ ಮಾತು ತೂಕಕ್ಕೂ ಅಳತೆಗೂ ಸಲ್ಲುತ್ತಿದ್ದಿತು. 1956ರ ಶಾಸನದ ಮೂಲಕ ಮೆಟ್ರಿಕ್ ಪದ್ಧತಿಯು ಆಚರಣೆಗೆ ಬಂದ ಮೇಲೆ ಗ್ರಾಂ ಮತ್ತು ಲೀಟರುಗಳ ಭೇದ ಸ್ಪಷ್ಟವಾಯಿತು. ಆದರೂ ಅಡುಗೆಮನೆಯಲ್ಲಿ ಕೈಗೆ ಸಿಗುವುದು ತಕ್ಕಡಿಯಲ್ಲ, ಲೋಟ. ಆಹಾರಶಾಸ್ತ್ರವಾದರೋ ಗ್ರಾಂಗಳಲ್ಲಿಯೇ ಲೆಕ್ಕ ಹೇಳುತ್ತದೆ. ಆಲೂಗಡ್ಡೆ ಮೊದಲಾದ ಪಿಷ್ಟಮಯ ಗೆಡ್ಡೆಗಳನ್ನು ಬಿಟ್ಟು, ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳನ್ನು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ಗ್ರಾಂಗಳನ್ನು ಲೋಟದ ಅಳತೆಗೆ ಹೊಂದಿಸುವ ಕ್ರಮವೇನೆಂಬುದೇ ಇಲ್ಲಿನ ವಿಚಾರ.

ನೀರಿನ ವಿಷಯದಲ್ಲಿ ತೊಡಕಿಲ್ಲ. 200 ಮಿಲಿಲೀಟರ್ ನೀರು ಸುಮಾರು 200 ಗ್ರಾಂ ತೂಗುತ್ತದೆ. ತರಕಾರಿಯ ಹೋಳುಗಳ ನಡುವೆಯಾದರೋ ಗಾಳಿ ಉಳಿಯುತ್ತದೆ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕಗಳಂತೆ, ಅಲ್ಲಿಯ ಸುಮಾರು 237 ಮಿಲಿಲೀಟರಿನ ಅಳತೆಲೋಟವು ಹೆಚ್ಚಿದ ಈರುಳ್ಳಿಯಲ್ಲಿ 160 ಗ್ರಾಂ, ಹೆಚ್ಚಿದ ಕ್ಯಾರೆಟ್ಟಿನಲ್ಲಿ 128 ಗ್ರಾಂ, ತುರಿದ ಕ್ಯಾರೆಟ್ಟಿನಲ್ಲಿ 110 ಗ್ರಾಂ, ಹೆಚ್ಚಿದ ಎಲೆಕೋಸಿನಲ್ಲಿ 89 ಗ್ರಾಂ ಹಿಡಿಯುತ್ತದೆ. ಹಸಿಯ ಪಾಲಕ್ ಸೊಪ್ಪಿನಲ್ಲಿ ಕೇವಲ 30 ಗ್ರಾಂ. ನಮ್ಮ 200 ಮಿಲಿಲೀಟರ್ ಲೋಟಕ್ಕೆ ಇಳಿಸಿದರೆ ಈರುಳ್ಳಿ ಸುಮಾರು 135 ಗ್ರಾಂ, ಪಾಲಕ್ ಸುಮಾರು 25 ಗ್ರಾಂ ಆಗುತ್ತವೆ. ಆದುದರಿಂದ ಎಲ್ಲ ತರಕಾರಿಗಳಿಗೂ ಒಂದೇ ಗುಣಕ ಸಲ್ಲದು. ಒಂದೇ ತರಕಾರಿಗೂ ಹೆಚ್ಚುವ ರೀತಿಯನ್ನು ಅನುಸರಿಸಿ ಗುಣಕ ಬದಲಾಗುತ್ತದೆ. ಈ ಅಂಕಿಗಳು ಸಿಪ್ಪೆ, ದಂಟು, ಬೇರುಗಳನ್ನು ಕಳೆದ ತರಕಾರಿಗೆ ಸಂಬಂಧಿಸಿದವು. ಅಂಗಡಿಯ ತೂಕಕ್ಕೆ ಹೊಂದುವುದಿಲ್ಲ.

ಬೇಯಿಸಿದ ಮೇಲೆ ಮತ್ತೊಂದು ವ್ಯತ್ಯಾಸ ಕಾಣುತ್ತದೆ. ಎಲೆಯ ಬಿರುಸು ಅಳಿದು ನಡುವಣ ಗಾಳಿ ಹೊರಹೋಗುವುದರಿಂದ ಸೊಪ್ಪು ಕುಗ್ಗುತ್ತದೆ. ಅದೇ ಅಳತೆಲೋಟದಲ್ಲಿ ಬೆಂದ ಪಾಲಕ್ 180 ಗ್ರಾಂ ಹಿಡಿಯುತ್ತದೆ. ಹಸಿ ಸೊಪ್ಪಿನ ಗುಣಕವನ್ನು ಬೆಂದ ಸೊಪ್ಪಿಗೆ ಹಚ್ಚುವುದು ಎಂತಹ ಪ್ರಮಾದವೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಒಂದು ಮನೆಯಲ್ಲಿ ಹಸನು ಮಾಡಿದ 500 ಗ್ರಾಂ ಪಾಲಕ್ ಬೆಂದು 400 ಮಿಲಿಲೀಟರ್ ಆಯಿತೆಂದೂ, ಅದರಲ್ಲಿ ಮನೆಯ ಗರ್ಭಿಣಿಯ ಪಾಲಿಗೆ 80 ಮಿಲಿಲೀಟರ್ ಬಂದಿತೆಂದೂ ಇಟ್ಟುಕೊಳ್ಳೋಣ. 500ನ್ನು 80ರಿಂದ ಗುಣಿಸಿ 400ರಿಂದ ಭಾಗಿಸಿದರೆ ಆಕೆ ಸೇವಿಸಿದ್ದು 100 ಗ್ರಾಂ ಹಸಿ ಸೊಪ್ಪಿಗೆ ಸಮವೆಂದು ತಿಳಿಯುತ್ತದೆ. ಆಹಾರ ಸಮೀಕ್ಷೆಗಳಲ್ಲಿ ಅನುಸರಿಸುವ ಕ್ರಮವೂ ಇದೇ. ಹಸಿ ಸೊಪ್ಪಿನ ಗುಣಕವನ್ನು ಬಳಸಿದ್ದರೆ ಬರುತ್ತಿದ್ದುದು ಕೇವಲ 10 ಗ್ರಾಂ! ಸೊಪ್ಪು ತಿಂದವಳನ್ನು ತಿನ್ನದವಳೆಂದು ಬರೆದಂತಾಯಿತು. ಪ್ರತಿಯಾಗಿ, ಬೆಂದ ಸೊಪ್ಪಿನ ಗುಣಕವನ್ನು ಹಸಿಯದಕ್ಕೆ ಹಚ್ಚಿದಲ್ಲಿ ಇಲ್ಲದ ಪೋಷಣೆಯನ್ನು ಇದೆಯೆಂದು ನಂಬಿದಂತಾಗುತ್ತದೆ.

ಗೃಹಿಣಿಯರಿಗೆ ಸುಲಭವಾದ ಉಪಾಯವೊಂದುಂಟು. ತೂಕ ತಿಳಿದ ತರಕಾರಿಯನ್ನು ಹಸನು ಮಾಡಿ, ಮತ್ತೆ ತೂಗಿಸಿ, ನಿತ್ಯ ಹೆಚ್ಚುವಂತೆಯೇ ಹೆಚ್ಚಿ, ಅದುಮದೆ ಮನೆಯ ಲೋಟದಿಂದ ಅಳೆಯಬೇಕು. ಬೆಂದ ಮೇಲೆ ಪುನಃ ಅಳೆಯಬೇಕು. ಎರಡು ಅಳತೆಗಳನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಂಡಲ್ಲಿ, ಅದೇ ಲೋಟವಿರುವವರೆಗೆ ಆ ತರಕಾರಿಗೆ ತಕ್ಕಡಿಯ ಅವಶ್ಯಕತೆ ಅಷ್ಟಾಗಿ ಬೀಳದು.