ಬೆಣ್ಣೆ ಹೊತ್ತವರ ಹಿಮದ ಹಾದಿ

ಲಡಾಖಿನ ಚಾದರ್ ಚಾರಣದ ಹೆಸರು ಕೇಳದ ಬೆಟ್ಟಪ್ರಿಯರು ಈಗ ಕಡಿಮೆ. ಜನವರಿ, ಫೆಬ್ರವರಿ ತಿಂಗಳಲ್ಲಿ ಹೆಪ್ಪುಗಟ್ಟುವ ಝಂಸ್ಕಾರ್ ನದಿಯ ಮೇಲೆಯೇ ನಡೆದುಹೋಗುವ ಪಯಣ ಅದು. ರಾತ್ರಿಯ ತಾಪಮಾನ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುವುದುಂಟು. ಕಾಲ ಕೆಳಗೆ ಮಂಜುಗಡ್ಡೆ, ಅದರ ಕೆಳಗೆ ಹರಿಯುವ ನೀರು, ಎರಡೂ ಬದಿಗೆ ನೂರಾರು ಮೀಟರ್ ಎತ್ತರದ ಕಡಿಬಂಡೆ. ದೇಶದ ಅತಿ ಕಠಿಣ ಚಾರಣಗಳ ಪಟ್ಟಿಯಲ್ಲಿ ಅದಕ್ಕೆ ಸದಾ ಒಂದು ಸ್ಥಾನ ಇದ್ದೇ ಇರುತ್ತದೆ.

ಈ ಹಾದಿಯನ್ನು ಮೊದಲು ತುಳಿದವರಿಗೆ ಚಾರಣವೆಂಬ ಕಲ್ಪನೆಯೇ ಇರಲಿಲ್ಲ. ಬೆನ್ನ ಮೇಲೆ ಬೆಣ್ಣೆಯ ಹೊರೆ ಹೊತ್ತು ಲೇಹ್ ಪೇಟೆಗೆ ಹೊರಟ ರೈತರು ಅವರು. ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲುಗಳಲ್ಲಿ ಬೀಡುಬಿಟ್ಟು ಹೆಂಗಸರು ಕಡೆದಿಟ್ಟ ಬೆಣ್ಣೆಯನ್ನು ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿ ಹೊಲಿದು, ಚಳಿಗಾಲದ ನಡುವೆ ಮಾರಲು ಒಯ್ಯುತ್ತಿದ್ದರು. ಲೇಹ್‌ನಲ್ಲಿ ಝಂಸ್ಕಾರಿನ ಬೆಣ್ಣೆಗೆ ಒಳ್ಳೆಯ ಹೆಸರಿತ್ತು. ಉಪ್ಪು ಬೆರೆಸಿ ಕಡೆಯುವ ಗುರ್‌ಗುರ್ ಚಹಾಕ್ಕೂ, ಗೊಂಪಾಗಳೆಂಬ ಬೌದ್ಧ ವಿಹಾರಗಳ ದೀಪಕ್ಕೂ ಅದು ಬೇಕಿತ್ತು. ಆ ಬೆಣ್ಣೆಯ ದಾರಿ ಚಾರಣಿಗರ ದಾರಿಯಾದದ್ದು ಹೇಗೆ, ಈಗ ಅದರ ಪಕ್ಕದಲ್ಲೇ ರಸ್ತೆ ಬಂದಿರುವಾಗ ಅದರ ಗತಿ ಏನು ಎಂಬುದು ತಿಳಿಯಬೇಕಾದ ಕಥೆ.

ಮುಚ್ಚಿಕೊಳ್ಳುವ ಕಣಿವೆ

ಝಂಸ್ಕಾರ್ ಎಂದರೆ ಮುಖ್ಯವಾಗಿ ಎರಡು ನದಿಗಳ ಕಣಿವೆ. ಪೆನ್ಸಿ ಲಾ ಎಂಬ ಘಟ್ಟದ ಕಡೆಯಿಂದ ಇಳಿದು ಬರುವ ದೋಡಾ, ಆಗ್ನೇಯದಿಂದ ಬರುವ ತ್ಸರಪ್. ಎರಡೂ ಪದುಮ್ ಎಂಬ ಊರಿನ ಬಳಿ ಕೂಡಿ ಝಂಸ್ಕಾರ್ ನದಿಯಾಗುತ್ತವೆ. ಅಲ್ಲಿಂದ ಅದು ಉತ್ತರಕ್ಕೆ ತಿರುಗಿ, ಆಳವಾದ ಕಮರಿಯನ್ನು ಕೊರೆದುಕೊಂಡು ಹರಿದು, ಲೇಹ್‌ಗೆ ಸುಮಾರು 35 ಕಿ.ಮೀ. ದೂರದ ನಿಮ್ಮು ಎಂಬಲ್ಲಿ ಸಿಂಧೂ ನದಿಯನ್ನು ಸೇರುತ್ತದೆ. 2011ರ ಜನಗಣತಿಯ ಪ್ರಕಾರ ಇಡೀ ಪ್ರದೇಶದ ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. ಪದುಮ್ ಇರುವುದೇ ಸುಮಾರು 3,600 ಮೀಟರ್ ಎತ್ತರದಲ್ಲಿ.

ಈ ಕಣಿವೆಯ ಬಾಗಿಲುಗಳೆಲ್ಲ ಇನ್ನೂ ಎತ್ತರದಲ್ಲಿವೆ. ಪಶ್ಚಿಮಕ್ಕೆ ಸುರು ಕಣಿವೆಯತ್ತ ಒಯ್ಯುವ ಪೆನ್ಸಿ ಲಾ ಸುಮಾರು 4,400 ಮೀಟರ್. ದಕ್ಷಿಣಕ್ಕೆ ಲಾಹೌಲ್ ಕಡೆಗಿನ ಶಿಂಗೋ ಲಾ 5,000 ಮೀಟರ್ ದಾಟುತ್ತದೆ. ಉತ್ತರಕ್ಕೆ ಲಾಮಾಯೂರು ಕಡೆ ಹೊರಟರೆ ಸಿಂಗೆ ಲಾ ಅಡ್ಡ ನಿಲ್ಲುತ್ತದೆ. ಹಿಮ ಬಿದ್ದೊಡನೆ ಒಂದೊಂದಾಗಿ ಎಲ್ಲವೂ ಮುಚ್ಚುತ್ತವೆ. ಬೇಸಿಗೆಯಲ್ಲಿ ಯಾರಿಗೂ ದಾರಿ ಬಿಡದ ಆ ಕಮರಿಯ ನದಿ, ಕಡುಚಳಿಯಲ್ಲಿ ಮಾತ್ರ ಹೆಪ್ಪುಗಟ್ಟಿ ದಾರಿಯಾಗುತ್ತದೆ. ಉಳಿದೆಲ್ಲ ಬಾಗಿಲು ಮುಚ್ಚಿದಾಗ ತೆರೆಯುವ ಬಾಗಿಲು ಅದೊಂದೇ. ಪದುಮ್‌ನಿಂದ ಲೇಹ್ ಕಡೆಯ ಚಿಲ್ಲಿಂಗ್ ಹಳ್ಳಿಯವರೆಗೆ ನೂರು ಕಿ.ಮೀ. ಆಸುಪಾಸಿನ ದೂರ, ಹೊರೆ ಹೊತ್ತ ರೈತರಿಗೆ ಐದಾರು ದಿನದ ನಡಿಗೆ.

ಅದೇ ಹಾದಿಯಲ್ಲಿ ಬೆಣ್ಣೆಯ ಜೊತೆ ಮಕ್ಕಳೂ ಹೋದರು. ಲೇಹ್‌ನ ಶಾಲೆಗಳಲ್ಲಿ ಓದುವ ಮಕ್ಕಳನ್ನು ಚಳಿಗಾಲದ ರಜೆಗೆ ಕರೆತರುವುದು, ರಜೆ ಮುಗಿದ ಮೇಲೆ ಮತ್ತೆ ಬಿಟ್ಟುಬರುವುದು ತಂದೆಯರ ಕೆಲಸವಾಗಿತ್ತು. ಕಾಲು ಸೋತ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ರಾತ್ರಿ ಬಂಡೆಯ ಗುಹೆಗಳಲ್ಲಿ ಬೆಂಕಿ ಹಾಕಿ ಮಲಗಿ, ಬೆಳಿಗ್ಗೆ ಮತ್ತೆ ಹೊರಡುತ್ತಿದ್ದರು.

ಮಂಜುಗಡ್ಡೆಯನ್ನು ಓದುವ ವಿದ್ಯೆ

ನದಿ ಒಂದೇ ರಾತ್ರಿಯಲ್ಲಿ, ಒಂದೇ ಸಮನೆ ಹೆಪ್ಪುಗಟ್ಟುವುದಿಲ್ಲ. ನೀರು ನಿಧಾನವಾಗಿ ಹರಿಯುವ ದಡದಲ್ಲಿ ಮೊದಲು ಅಂಚು ಕಟ್ಟುತ್ತದೆ. ಮೇಲಿನಿಂದ ತೇಲಿಬರುವ ಗಡ್ಡೆಗಳು ತಿರುವಿನಲ್ಲಿ ಸಿಕ್ಕಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಮರಿಯ ಕೆಲವು ಭಾಗಗಳಿಗೆ ಬಿಸಿಲು ತಾಗುವುದೇ ಅಪರೂಪವಾದ್ದರಿಂದ ಅಲ್ಲಿ ಪದರ ದಪ್ಪವಾಗುತ್ತದೆ. ನೀರಿನ ಸೆಳೆತ ಜೋರಿರುವ ಕಡೆ ನದಿಯ ನಡುಭಾಗ ತೆರೆದೇ ಇರುತ್ತದೆ. ನಿನ್ನೆ ನಡೆದ ಜಾಗ ಇಂದು ನೀರಾಗಿರಬಹುದು, ಬೆಳಿಗ್ಗೆ ಇಲ್ಲದ ಸೇತುವೆ ಸಂಜೆಗೆ ಕಟ್ಟಿರಬಹುದು.

ಆಕಾಶ ಶುಭ್ರವಾಗಿದ್ದ ರಾತ್ರಿ ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿ ಚಳಿ ಕಚ್ಚುತ್ತದೆ, ಗಡ್ಡೆ ಬಲಿಯುತ್ತದೆ. ಮೋಡ ಕವಿದರೆ ಶಾಖ ಕೆಳಗೇ ಉಳಿದು ಗಡ್ಡೆ ಸಡಿಲವಾಗುತ್ತದೆ. ದಪ್ಪ ಹಿಮ ಬಿದ್ದರೂ ಕಷ್ಟ: ಅದು ಮಂಜುಗಡ್ಡೆಯನ್ನು ಬೆಚ್ಚಗೆ ಮುಚ್ಚಿ ಬೆಳೆಯಗೊಡುವುದಿಲ್ಲ, ಜೊತೆಗೆ ಬಿರುಕುಗಳನ್ನು ಕಣ್ಣಿಗೆ ಮರೆಮಾಡುತ್ತದೆ. ಹೀಗಾಗಿ ಮೈಗೆ ಹಿತವೆನಿಸುವ ದಿನವೇ ಚಾದರ್ ಮೇಲೆ ಅಪಾಯದ ದಿನ.

ಝಂಸ್ಕಾರಿಗಳು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಮುಂದೆ ನಡೆಯುವವನ ಕೈಯಲ್ಲಿ ಒಂದು ಕೋಲು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿಂದ ತಟ್ಟಿ ನೋಡುವಂತೆ ಅವನು ಹೆಜ್ಜೆಹೆಜ್ಜೆಗೂ ಗಡ್ಡೆಯನ್ನು ಕುಟ್ಟುತ್ತಾನೆ. ಸದ್ದಿನಲ್ಲೇ ದಪ್ಪವೋ ಪೊಳ್ಳೋ ತಿಳಿಯುತ್ತದೆ. ಕಾಲೆತ್ತಿ ಇಡದೆ ನೆಲಕ್ಕೆ ತಾಗಿಸಿಯೇ ಜಾರಿಸುತ್ತ ನಡೆಯಬೇಕು. ಗಡ್ಡೆ ಮುರಿದಿದ್ದರೆ ಹೊರೆಯ ಸಮೇತ ಬಂಡೆ ಹತ್ತಿ ದಾಟಬೇಕು. ಗಡ್ಡೆಯ ಮೇಲೆಯೇ ನೀರು ಹರಿದಿದ್ದರೆ ಆ ಕೊರೆಯುವ ನೀರಿನಲ್ಲಿ ಇಳಿದು ನಡೆಯಬೇಕು. ಎಲ್ಲಿ ಗುಹೆ, ಯಾವ ತಿರುವಿನಲ್ಲಿ ಉರುವಲಿಗೆ ಕೊಚ್ಚಿಬಂದ ಕಟ್ಟಿಗೆ ಎಂಬುದು ಅಪ್ಪನಿಂದ ಮಗನಿಗೆ ಬಂದ ತಿಳಿವಳಿಕೆ. ಹಗ್ಗ, ಹೆಲ್ಮೆಟ್ಟುಗಳಿಲ್ಲದ ಕಾಲದಲ್ಲಿ ತಲೆಮಾರುಗಳನ್ನು ದಾಟಿಸಿದ್ದು ಈ ವಿದ್ಯೆ.

ಹೊರಗಿನವರು ಬಂದ ಬಗೆ

ಹೊರಜಗತ್ತು ಝಂಸ್ಕಾರನ್ನು ಮೊದಲು ಅರಿತದ್ದು ಭಾಷೆಯ ನೆವದಿಂದ. ಹಂಗೇರಿಯ ವಿದ್ವಾಂಸ ಚೋಮಾ ದೆ ಕೋರೋಶ್ 1823ರಲ್ಲಿ ಝಂಗ್ಲಾ ಎಂಬ ಹಳ್ಳಿಗೆ ಬಂದು, ಸಾಂಗ್ಯೆ ಫುಂತ್ಸೋಗ್ ಎಂಬ ಲಾಮಾ ಬಳಿ ಟಿಬೆಟನ್ ಕಲಿಯಲು ಕುಳಿತ. ಒಂದಿಡೀ ಚಳಿಗಾಲವನ್ನು ಝಂಗ್ಲಾದ ಸಣ್ಣ ಕೋಣೆಯೊಂದರಲ್ಲಿ ಕಳೆದ. ಮುಂದೆ ಗುಹೆಯೊಂದನ್ನು ಸುತ್ತಿ ಕಟ್ಟಿರುವ ಫುಗ್ತಲ್ ಗೊಂಪಾದಲ್ಲೂ ನೆಲೆಸಿ ಅಭ್ಯಾಸ ಮುಂದುವರಿಸಿದ. ಅವನ ಟಿಬೆಟನ್–ಇಂಗ್ಲಿಷ್ ನಿಘಂಟು ಮತ್ತು ವ್ಯಾಕರಣ 1834ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದವು. ಟಿಬೆಟ್ ಅಧ್ಯಯನಕ್ಕೆ ಅಡಿಪಾಯ ಹಾಕಿದ ಕೆಲಸ ಆರಂಭವಾದದ್ದು ಈ ಕಣಿವೆಯ ಚಳಿಯಲ್ಲಿ.

ಅದೇ 1834ರಲ್ಲಿ ಜಮ್ಮುವಿನ ಡೋಗ್ರಾ ಸೇನಾನಿ ಜೋರಾವರ್ ಸಿಂಗ್ ಲಡಾಖಿನ ಮೇಲೆ ದಂಡೆತ್ತಿ ಬಂದ. ಪದುಮ್ ಮತ್ತು ಝಂಗ್ಲಾದ ಸಣ್ಣ ಅರಸು ಮನೆತನಗಳ ಆಳ್ವಿಕೆ ಮಂಕಾಯಿತು. ಆದರೆ ಬದುಕಿನ ರೀತಿ ಬದಲಾಗಲಿಲ್ಲ. ಹುರಿದ ಬಾರ್ಲಿ ಹಿಟ್ಟಿನ ತ್ಸಂಪಾ, ಊರ ಹೊರಗಿನ ಮಣಿಗೋಡೆ ಮತ್ತು ಛೋರ್ತೆನ್ ಎಂಬ ಸ್ತೂಪಗಳು, ಕರ್ಷಾ ಗೊಂಪಾದ ಗುಸ್ತೋರ್ ಹಬ್ಬದ ಮುಖವಾಡ ಕುಣಿತ, ಎದುರಾದವರಿಗೆಲ್ಲ ಹೇಳುವ ‘ಜೂಲೆ’ ಹಾಗೇ ಉಳಿದವು. ಪದುಮ್‌ನಲ್ಲಿ ಮಸೀದಿಯೂ ಇದೆ, ಮುಸ್ಲಿಂ ಕುಟುಂಬಗಳು ತಲೆಮಾರುಗಳಿಂದ ಅಲ್ಲೇ ಬಾಳಿವೆ.

ಇಲ್ಲಿ ನಮ್ಮ ನಾಡಿನ ಎಳೆಯೊಂದೂ ಸೇರಿಕೊಳ್ಳುತ್ತದೆ. ಕರ್ಷಾ, ಫುಗ್ತಲ್, ಸ್ತೋಂಗ್ದೆ ಗೊಂಪಾಗಳು ಟಿಬೆಟನ್ ಬೌದ್ಧಧರ್ಮದ ಗೆಲುಗ್ ಪಂಥದವು. ಇಂಥ ಗೊಂಪಾಗಳ ಭಿಕ್ಷುಗಳು ಉನ್ನತ ಅಧ್ಯಯನಕ್ಕೆ ಹಿಂದೆ ಟಿಬೆಟಿಗೆ ಹೋಗುತ್ತಿದ್ದರು. 1959ರ ನಂತರ ಆ ದಾರಿ ಮುಚ್ಚಿತು. ಟಿಬೆಟಿನ ಸೆರಾ ಮಹಾವಿಹಾರ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲೂ, ಡ್ರೆಪುಂಗ್ ಮತ್ತು ಗಾಂದೆನ್ ಉತ್ತರ ಕನ್ನಡದ ಮುಂಡಗೋಡಿನಲ್ಲೂ ಮರುಹುಟ್ಟು ಪಡೆದವು. ಲಡಾಖ್, ಝಂಸ್ಕಾರ್ ಕಡೆಯ ಹುಡುಗರು ತರ್ಕ, ದರ್ಶನಗಳನ್ನು ಓದಲು ಈಗ ಬರುವುದು ಇಲ್ಲಿಗೆ. ಹಿಮಾಲಯದ ಗುಹಾವಿಹಾರಕ್ಕೂ ಮುಂಡಗೋಡಿನ ಭತ್ತ, ಜೋಳದ ಗದ್ದೆಗಳಿಗೂ ಹೀಗೆ ಗಟ್ಟಿಯಾದ ನಂಟಿದೆ.

ದಾರಿ ಚಾರಣವಾಯಿತು

ಸ್ವಾತಂತ್ರ್ಯಾನಂತರ ಗಡಿಯ ಕಾರಣಕ್ಕೆ ಮುಚ್ಚಿದ್ದ ಲಡಾಖ್ 1974ರಲ್ಲಿ ಪ್ರವಾಸಿಗಳಿಗೆ ತೆರೆಯಿತು. ಎರಡೇ ವರ್ಷದಲ್ಲಿ ಫ್ರೆಂಚ್ ಲೇಖಕ ಮಿಶೆಲ್ ಪೆಸೆಲ್ ಝಂಸ್ಕಾರನ್ನು ನಡೆದು ದಾಟಿದ. ಅವನ ಪುಸ್ತಕ 1979ರಲ್ಲಿ ಬಂತು. 1976–77ರ ಚಳಿಗಾಲವನ್ನು ಅಲ್ಲೇ ಕಳೆದ ಇಂಗ್ಲೆಂಡಿನ ಜೇಮ್ಸ್ ಕ್ರೌಡನ್ ಬೆಣ್ಣೆ ವ್ಯಾಪಾರಿಗಳ ಜೊತೆ ಹೆಪ್ಪುಗಟ್ಟಿದ ನದಿಯ ಮೇಲೆ ನಡೆದ. ಬಳಿಕ ಫ್ರೆಂಚ್ ಛಾಯಾಗ್ರಾಹಕ ಒಲಿವಿಯೇ ಫೊಲ್ಮಿಯ ಚಿತ್ರಗಳು ಬಂದವು. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ತಂದೆ ತಾಯಿಯರು ಬಂಡೆ ಮತ್ತು ನೀರಿನ ನಡುವೆ ಕಿರಿದಾದ ಮಂಜುಗಡ್ಡೆಯ ಅಂಚಿನಲ್ಲಿ ಸಾಗುವ ಆ ಚಿತ್ರಗಳನ್ನು ಯುರೋಪು ಬೆರಗಿನಿಂದ ನೋಡಿತು. ಚಾದರ್ ಹೊರಗಿನವರ ಕನಸಾದದ್ದು ಆಗಿನಿಂದ.

1980ರ ಹೊತ್ತಿಗೆ ಕಾರ್ಗಿಲ್‌ನಿಂದ ಪದುಮ್‌ಗೆ ಪೆನ್ಸಿ ಲಾ ಮೂಲಕ ಕಚ್ಚಾರಸ್ತೆ ಬಂತು. ಅದು ತೆರೆದಿರುತ್ತಿದ್ದುದು ವರ್ಷದ ಕೆಲವೇ ತಿಂಗಳು. ಬೇಸಿಗೆಯ ಚಾರಣಗಳು ಬೆಳೆದವು: ಪದುಮ್‌ನಿಂದ ಫುಗ್ತಲ್, ಕರ್ಗ್ಯಾಕ್ ಹಾದು ಶಿಂಗೋ ಲಾ ಏರಿ ಲಾಹೌಲಿನ ದಾರ್ಚಾಕ್ಕೆ, ಇತ್ತ ಲಿಂಗ್‌ಶೆಡ್, ಸಿಂಗೆ ಲಾ ಹಾದು ಲಾಮಾಯೂರಿಗೆ. ಕುದುರೆ ಸಾಕಿದವರಿಗೆ ಹೊರೆ ಸಾಗಿಸುವ ಕೆಲಸ ಸಿಕ್ಕಿತು, ಹಳ್ಳಿಯ ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದವು. ಚಳಿಗಾಲದಲ್ಲಿ ಬೇರೆ ದುಡಿಮೆಯಿಲ್ಲದ ಗಂಡಸರಿಗೆ ಚಾದರ್ ಚಾರಣ ಕೈಗೆ ನಗದು ತಂದಿತು.

ಈ ಶತಮಾನದಲ್ಲಿ ಭಾರತೀಯ ಚಾರಣಿಗರ ಸಂಖ್ಯೆ ಏರಿತು. ಬೆಂಗಳೂರು, ಮುಂಬೈ, ದಿಲ್ಲಿಯ ತರುಣರು ಲೇಹ್‌ನ ಪೇಟೆಯಲ್ಲಿ ಗಮ್‌ಬೂಟು ಕೊಂಡು ಹೊರಟರು. ಚಾರಣದ ವಿಸ್ತಾರ ಮಾತ್ರ ಕಿರಿದಾಯಿತು. ರಸ್ತೆ ಚಿಲ್ಲಿಂಗ್ ದಾಟಿ ಕಮರಿಯೊಳಗೆ ಬಂದಂತೆ ಆರಂಭದ ಜಾಗವೂ ಮುಂದಕ್ಕೆ ಸರಿಯಿತು. ಈಗ ಬಹುತೇಕರು ಟಿಬ್ ಗುಹೆಯ ಬಳಿ ತಂಗಿ, ನೆರಕ್‌ನ ಹೆಪ್ಪುಗಟ್ಟಿದ ಜಲಪಾತದವರೆಗೆ ಹೋಗಿ ಅದೇ ಹಾದಿಯಲ್ಲಿ ಮರಳುತ್ತಾರೆ. ಹೋಗಿಬರುವ ದೂರ ಸುಮಾರು 60 ಕಿ.ಮೀ. ಝಂಸ್ಕಾರಿನ ಗೊಂಪಾಗಳಾಗಲಿ, ಪದುಮ್‌ನ ಬಯಲಾಗಲಿ ಅವರಿಗೆ ಕಾಣುವುದೇ ಇಲ್ಲ.

ಜನ ಹೆಚ್ಚಿದಂತೆ ಕಸವೂ ಹೆಚ್ಚಿತು. ಮಂಜುಗಡ್ಡೆಯ ಮೇಲೆ ಬಿಟ್ಟದ್ದೆಲ್ಲ ವಸಂತದಲ್ಲಿ ಗಡ್ಡೆ ಕರಗಿದಾಗ ಸೇರುವುದು ಸಿಂಧುವಿಗೆ, ಕೆಳಗಿನ ಊರುಗಳ ಕುಡಿಯುವ ನೀರಿಗೆ. ಅಪಘಾತಗಳೂ ಆದವು. 2014ರ ಡಿಸೆಂಬರ್ 31ರಂದು ಫುಗ್ತಲ್ ಸಮೀಪ ಬೆಟ್ಟ ಕುಸಿದು ತ್ಸರಪ್ ನದಿಗೆ ಅಡ್ಡ ಬಿದ್ದಾಗ ಆ ಚಳಿಗಾಲದ ಚಾರಣ ನಿಂತಿತು. ಹಿಂದೆ ತುಂಬಿದ ನೀರು 2015ರ ಮೇ 7ರಂದು ಒಡೆದು ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. 2020ರ ಜನವರಿಯಲ್ಲಿ ನೆರಕ್ ಬಳಿ ಸಿಲುಕಿದ ಚಾರಣಿಗರನ್ನು ವಾಯುಪಡೆಯ ಹೆಲಿಕಾಪ್ಟರ್‌ಗಳು ಹೊರತಂದವು. ವಿಮಾನದಿಂದ ನೇರವಾಗಿ 3,500 ಮೀಟರ್ ಎತ್ತರದ ಲೇಹ್‌ಗೆ ಇಳಿದು, ಮೈ ಹೊಂದಿಕೊಳ್ಳುವ ಮೊದಲೇ ನದಿಗೆ ಹೊರಟವರು ಪ್ರಾಣ ಕಳೆದುಕೊಂಡದ್ದೂ ಉಂಟು. ಲೇಹ್‌ನಲ್ಲಿ ಕೆಲ ದಿನ ಕಡ್ಡಾಯ ವಿಶ್ರಾಂತಿ, ವೈದ್ಯಕೀಯ ತಪಾಸಣೆ, ಕಸ ವಾಪಸು ತರುವ ನಿಯಮಗಳು ಬಂದದ್ದು ಇಂಥ ಅನುಭವಗಳಿಂದ.

ಬಂಡೆ ಸೀಳಿ ಬಂದ ರಸ್ತೆ

ಕಮರಿಯ ಬಂಡೆಗಳನ್ನು ಸಿಡಿಸಿ ಗಡಿ ರಸ್ತೆಗಳ ಸಂಸ್ಥೆ ವರ್ಷಗಟ್ಟಲೆ ಕೆಲಸ ಮಾಡಿತು. 2024ರ ಮಾರ್ಚ್ ಕೊನೆಯಲ್ಲಿ ನಿಮ್ಮು–ಪದುಮ್–ದಾರ್ಚಾ ನಡುವಿನ 298 ಕಿ.ಮೀ. ರಸ್ತೆ ಸಂಪರ್ಕ ಪೂರ್ಣಗೊಂಡಿತು. ಅದೇ ವರ್ಷದ ಜುಲೈ 26ರಂದು ಶಿಂಗೋ ಲಾ ಕೆಳಗೆ 4.1 ಕಿ.ಮೀ. ಸುರಂಗದ ಮೊದಲ ಸ್ಫೋಟ ನಡೆಯಿತು. ಅದು ಮುಗಿದರೆ ವರ್ಷವಿಡೀ ಸಂಚಾರ ಸಾಧ್ಯ. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಲಡಾಖಿನ ಐದು ಹೊಸ ಜಿಲ್ಲೆಗಳಲ್ಲಿ ಝಂಸ್ಕಾರ್ ಕೂಡ ಒಂದು.

ಚಾರಣಿಗರ ನಡುವೆ ಈ ರಸ್ತೆಯ ಬಗ್ಗೆ ಕೊರಗು ಕೇಳಿಬರುತ್ತದೆ. ಮೌನ ಹೋಯಿತು, ಹಾದಿ ಹಾಳಾಯಿತು, ಕೊನೆಯ ಕಣಿವೆಯೂ ತೆರೆದುಕೊಂಡಿತು ಎಂಬ ಮಾತುಗಳು. ನಷ್ಟ ಇರುವುದು ನಿಜ: ಕುದುರೆಯವರ ಕೆಲಸ ಕಡಿಮೆಯಾಗಿದೆ, ಹಳೆಯ ದೀರ್ಘ ಚಾರಣಗಳ ಮೇಲೆ ಜೀಪಿನ ಧೂಳು ಬಿದ್ದಿದೆ. ಆದರೆ ಹೆರಿಗೆ ನೋವಿನ ಹೆಂಗಸನ್ನು ಚಳಿಗಾಲದಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಲು ಹೆಲಿಕಾಪ್ಟರಿಗೆ ಕಾಯಬೇಕಿದ್ದ ಊರಿನವರಿಗೆ ಆ ರಸ್ತೆ ಏನೆಂದು ಅವರೇ ಹೇಳಬೇಕು. ಏಳು ವರ್ಷದ ಮಗುವನ್ನು ಮುರಿಯುವ ಗಡ್ಡೆಯ ಮೇಲೆ ಶಾಲೆಗೆ ಕರೆದೊಯ್ಯುವುದು ನೋಡುವವರಿಗೆ ಚೆಂದದ ಚಿತ್ರ. ಆ ತಂದೆಗೆ ಬೇರೆ ದಾರಿಯಿರಲಿಲ್ಲ. ನಮ್ಮ ಒಂದು ವಾರದ ಅನುಭವಕ್ಕಾಗಿ ಅವರು ಮುಚ್ಚಿದ ಕಣಿವೆಯಲ್ಲೇ ಇರಲಿ ಎನ್ನುವ ಹಕ್ಕು ನಮಗಿಲ್ಲ.

ಕಣಿವೆಗೆ ನಿಜವಾಗಿ ಆತಂಕ ತಂದಿರುವುದು ನೀರಿನ ಕೊರತೆ. ಕುಮಿಕ್ ಎಂಬ ಹಳ್ಳಿಯ ಮೇಲಿನ ಹಿಮರಾಶಿ ಕ್ಷೀಣಿಸಿ, ತೊರೆ ಬತ್ತಿ, ಅಲ್ಲಿನ ಜನ ಶತಮಾನಗಳ ಊರನ್ನು ಬಿಟ್ಟು ಕೆಳಗಿನ ಬಯಲಿನಲ್ಲಿ ಹೊಸ ಮನೆ ಕಟ್ಟಿಕೊಳ್ಳಬೇಕಾಯಿತು. ಬಾರ್ಲಿ ಬೆಳೆಯುವುದೂ ಬೆಣ್ಣೆ ಕಡೆಯುವುದೂ ಬೆಟ್ಟದ ಹಿಮ ಕರಗಿ ಬರುವ ನೀರಿನ ಮೇಲೆ ನಿಂತಿವೆ.

ಹೋಗುವವರಿಗೆ

ಝಂಸ್ಕಾರಿಗೆ ಹೋಗುವ ಮನಸ್ಸಿದ್ದರೆ ಹೋಗಿ. ಚಾದರ್ ಒಂದನ್ನೇ ಹಟ ಹಿಡಿಯಬೇಡಿ. ಬೇಸಿಗೆಯಲ್ಲಿ ಪದುಮ್‌ಗೆ ತಲುಪಿ, ಅಲ್ಲಿಂದ ಹಳ್ಳಿಯಿಂದ ಹಳ್ಳಿಗೆ ನಡೆದು, ಮನೆಗಳಲ್ಲಿ ಉಳಿದು, ಕರ್ಷಾ, ಝಂಗ್ಲಾ, ಫುಗ್ತಲ್‌ಗಳನ್ನು ನೋಡಿ. ಮಾರ್ಗದರ್ಶಿಯೂ ಹೊರೆಯಾಳೂ ಆ ಕಣಿವೆಯವರೇ ಆಗಿರಲಿ, ಅವರ ಕೂಲಿಯಲ್ಲಿ ಚೌಕಾಶಿ ಬೇಡ. ಕೊಂಡೊಯ್ದದ್ದನ್ನೆಲ್ಲ ವಾಪಸು ತನ್ನಿ. ಚಳಿಗಾಲದಲ್ಲೇ ನದಿಗಿಳಿದರೆ, ಕೋಲು ಹಿಡಿದು ಮುಂದೆ ನಡೆಯುವ ಝಂಸ್ಕಾರಿ ‘ಇವತ್ತು ಬೇಡ’ ಎಂದ ದಿನ, ಎಷ್ಟೇ ಹಣ ಕಟ್ಟಿದ್ದರೂ, ಎಷ್ಟೇ ರಜೆ ಕಳೆದಿದ್ದರೂ, ಮರುಮಾತಿಲ್ಲದೆ ಹಿಂದಿರುಗಿ. ಆ ದಾರಿಯನ್ನು ಕಂಡುಕೊಂಡವರು ಅವರು. ಅದರ ಮೇಲೆ ಕೊನೆಯ ಮಾತೂ ಅವರದೇ ಆಗಬೇಕು.